ಕಪ್ಪೆಗೊಂದು ವಿಮಾ ಅರ್ಜಿ

ಮೂವತ್ತೊಂದು ವರ್ಷಗಳ ಕಾಲ ಜೀವವಿಮೆಯ ಕಚೇರಿಯೊಂದರಲ್ಲಿ ಕುಳಿತು ಅನ್ಯರ ಆಯುಸ್ಸನ್ನು ಅಳೆದವನು ನಾನು. ಚಿತ್ರಗುಪ್ತನ ಕೆಲಸಕ್ಕೂ ನನ್ನ ಕೆಲಸಕ್ಕೂ ಇದ್ದ ವ್ಯತ್ಯಾಸ ಇಷ್ಟೆ: ಆತನ ಲೆಕ್ಕ ಒಬ್ಬೊಬ್ಬರ ಪಾಲಿಗೂ ಸರಿಯಾಗಿರುತ್ತದೆ, ನಮ್ಮ ಲೆಕ್ಕ ಸಾವಿರ ಜನರ ಸರಾಸರಿಯಲ್ಲಿ ಮಾತ್ರ ಸರಿಹೋಗುತ್ತಿತ್ತು. ಅರ್ಜಿದಾರರ ವಯಸ್ಸೆಷ್ಟು, ತಂದೆತಾಯಿಗಳಿಗೆ ಯಾವ ಕಾಯಿಲೆಯಿತ್ತು, ದುಡಿಮೆ ಗಣಿಯೊಳಗೋ ಗ್ರಂಥಾಲಯದೊಳಗೋ ಎಂಬ ಪ್ರಶ್ನೆಗಳ ಉತ್ತರಗಳನ್ನು ಕೂಡಿ ಕಳೆದು ಷರಾ ಬರೆಯುವುದು ನನ್ನ ವೃತ್ತಿಯಾಗಿತ್ತು. ನಿವೃತ್ತನಾದ ಮೇಲೆ ಈ ವಿದ್ಯೆಗೆ ಗಿರಾಕಿಗಳಿರಲಿಲ್ಲ.

ಈಚೆಗೆ ಒಬ್ಬ ಗಿರಾಕಿ ದೊರೆತಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ಮೊಮ್ಮಗಳು ರಜಕ್ಕೆಂದು ಬಂದಿದ್ದವಳು ಒಂದು ಸಂಜೆ ಪ್ರಶ್ನಾವಳಿಯೊಂದನ್ನು ಹಿಡಿದು ಚಿಂತಿಸುತ್ತ ಕುಳಿತಿದ್ದಳು. ಇಣುಕಿ ನೋಡಿದೆ. ಪ್ರಶ್ನೆಗಳೆಲ್ಲ ನನ್ನ ಹಳೆಯ ಪರಿಚಯದವು. ಅರ್ಜಿದಾರ ಮಾತ್ರ ಹೊಸಬ. ಹೆಸರಿನ ಜಾಗದಲ್ಲಿ ‘ಕುಂಬಾರ ಕಪ್ಪೆ’ ಎಂದಿತ್ತು.

“ಕಪ್ಪೆಗೂ ವಿಮೆ ಮಾಡಿಸುತ್ತಾರೇನಮ್ಮ?” ಎಂದೆ.

“ವಿಮೆಯಲ್ಲ ತಾತ. ಹವಾಮಾನ ಬದಲಾದರೆ ಯಾವ ಪ್ರಾಣಿಗೆ ಎಷ್ಟು ಅಪಾಯ ಎಂದು ಅಂದಾಜು ಮಾಡುವ ಕ್ರಮ ಇದು,” ಎಂದಳು.

ಈ ಅರ್ಜಿದಾರನ ವಿಚಾರ ವಾಚಕರಿಗೂ ತಿಳಿದಿರಲಿ. ಇದು ಉತ್ತರ ಕನ್ನಡದ ಕತ್ತಲೆಕಾನಿನಂಥ ದಟ್ಟ ಕಾಡುಗಳ ತೊರೆಗಳಲ್ಲಿ ಬಾಳುವ ಪುಟ್ಟ ಇರುಳುಗಪ್ಪೆ. ಹೆಣ್ಣು ನೀರಿಗಿಂತ ಮೇಲೆ ಕಡ್ಡಿಯ ಮೇಲೋ ಬಂಡೆಯ ಮೇಲೋ ಮೊಟ್ಟೆಯಿಟ್ಟು ಹೋಗುತ್ತದೆ. ಗಂಡು ತೊರೆಯ ತಳದಿಂದ ಕೆಸರನ್ನು ಬಾಚಿ ತಂದು, ಹಿಂಗಾಲ ಮೇಲೆ ನಿಂತು, ಮುಂಗೈಗಳಿಂದ ಆ ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ಲೋಕಕ್ಕೆ ಪರಿಚಯಿಸಿದಾಗ ಕುಂಬಾರನ ಹೆಸರನ್ನೇ ಇಟ್ಟರು. ಮೊಟ್ಟೆ ಒಣಗದಿರಲೆಂದೂ ಶತ್ರುವಿನ ಕಣ್ಣಿಗೆ ಬೀಳದಿರಲೆಂದೂ ಈ ಉಪಾಯವಿರಬೇಕೆಂದು ಅವರ ಊಹೆ.

ಮೊಮ್ಮಗಳ ಕಾಗದದಲ್ಲಿದ್ದ ಹತ್ತಾರು ಪ್ರಶ್ನೆಗಳನ್ನು ಹಿಂಡಿದರೆ ಉಳಿಯುವುದು ಮೂರು. ಬಿಸಿಯೂ ಬರವೂ ಈ ಪ್ರಾಣಿಯ ನೆಲೆಗೆ ಎಷ್ಟು ತಾಗಲಿವೆ? ತಾಗಿದುದನ್ನು ಅದರ ಮೈ ಎಷ್ಟು ತಾಳೀತು? ತಾಳಲಾರದೆ ಹೋದರೆ ಅಭ್ಯಾಸ ಬದಲಿಸಿಯೋ ನೆಲೆ ಬದಲಿಸಿಯೋ ಅದು ಪಾರಾದೀತೆ? ಒಂದಕ್ಕೆ ಮಾತ್ರ ಉತ್ತರ ಬರೆದು ಷರಾ ಹಾಕುವಂತಿಲ್ಲ. ಮೂರನ್ನೂ ಒಟ್ಟಿಗಿಟ್ಟು ನೋಡಬೇಕು.

ನಮ್ಮ ಮನೆಯ ತಾರಸಿಯ ಕಾಗೆಯನ್ನೇ ತೆಗೆದುಕೊಳ್ಳಿ. ಬೇಸಗೆಯ ಧಗೆ ಅದಕ್ಕೇನೂ ಕಡಮೆ ತಾಗುವುದಿಲ್ಲ. ಆದರೆ ಅದು ತಿನ್ನದ ಪದಾರ್ಥವಿಲ್ಲ, ಗೂಡು ಕಟ್ಟಲಾರದ ಬೀದಿಯಿಲ್ಲ. ಈ ಊರು ಬೇಡವೆನಿಸಿದರೆ ರೆಕ್ಕೆಯುಂಟು. ಇಂಥ ಅರ್ಜಿಗೆ ನಾನು ಕಣ್ಣು ಮುಚ್ಚಿ ರುಜು ಹಾಕುತ್ತಿದ್ದೆ. ಕಪ್ಪೆಯ ಸಂಗತಿ ಬೇರೆ. ಅದು ತೊಗಲಿನ ಮೂಲಕವೂ ಉಸಿರಾಡುವುದರಿಂದ ಮೈ ಸದಾ ತೇವವಾಗಿರಬೇಕು. ಮೊಟ್ಟೆಗೆ ಚಿಪ್ಪಿಲ್ಲ. ತೊರೆ ಬತ್ತಿದರೆ ನೀರೂ ಇಲ್ಲ, ಮೆತ್ತಲು ಕೆಸರೂ ಇಲ್ಲ. ಬಿಸಿಲ ಬಯಲನ್ನು ದಾಟಿ ಇನ್ನೊಂದು ಕಾಡಿನ ತೊರೆಯನ್ನು ಸೇರುವುದು ಅಂಗೈಯಲ್ಲಿ ಅಡಗುವ ಜೀವಕ್ಕೆ ಸುಲಭವೆ?

ಕೆಲವು ಅಪಾಯಗಳಂತೂ ಕಣ್ಣಿಗೆ ಕಾಣುವುದೇ ಇಲ್ಲ. ನಮ್ಮ ಕಾರವಾರ, ಹೊನ್ನಾವರ, ಕುಂದಾಪುರಗಳ ಮರಳಿಗೆ ಬಂದು ಮೊಟ್ಟೆಯಿಡುವ ಕಡಲಾಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಮರಳಿನ ಶಾಖ. ಸುಮಾರು 29 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡೂ ಹೆಚ್ಚುಕಡಮೆ ಸಮ. ಅದಕ್ಕಿಂತ ಬಿಸಿಯಾದರೆ ಹೆಣ್ಣುಮರಿಗಳೇ ಹೆಚ್ಚು. ಆಸ್ಟ್ರೇಲಿಯದ ಮಹಾ ಹವಳದಿಬ್ಬದ ಉತ್ತರಭಾಗದಲ್ಲಿ ಹುಟ್ಟಿದ ಹಸಿರು ಕಡಲಾಮೆಗಳ ಎಳೆಯ ಪೀಳಿಗೆಯಲ್ಲಿ ಶೇಕಡ 99ರಷ್ಟು ಹೆಣ್ಣುಗಳೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಕಡಲ ತುಂಬ ಆಮೆಗಳಿವೆ. ನೋಡಿದವರಿಗೆ ಕೊರತೆಯೇ ತೋರದು. ಮುಂದೊಂದು ಕಾಲಕ್ಕೆ ಗಂಡುಗಳು ಸಾಲದೆ ಹೋದರೆ ಈ ಹೆಣ್ಣುಗಳು ಇಡುವ ಮೊಟ್ಟೆಗಳ ಗತಿಯೇನು?

ಎಲ್ಲಿ ಬಿಸಿ ಹೆಚ್ಚೋ ಅಲ್ಲಿಯೇ ಅಪಾಯ ಹೆಚ್ಚೆಂದು ತಿಳಿದರೆ ಸಾಲದೆಂಬುದಕ್ಕೆ ಇನ್ನೂ ದೊಡ್ಡ ಆಧಾರವಿದೆ. 9,856 ಪ್ರಭೇದದ ಹಕ್ಕಿಗಳು, ಕಪ್ಪೆಯೇ ಮೊದಲಾದ 6,204 ಉಭಯಚರಗಳು, 797 ಹವಳಗಳು ಇವಿಷ್ಟನ್ನೂ ಈ ಮೂರು ಪ್ರಶ್ನೆಗಳಿಂದ ಪರೀಕ್ಷಿಸಿದ ಲೋಕವ್ಯಾಪಿ ಸಮೀಕ್ಷೆಯೊಂದು 2013ರಲ್ಲಿ ಹೊರಬಂತು. ಬಿಸಿ ಹೆಚ್ಚು ತಾಗುವ ಪ್ರದೇಶಗಳೂ ತಾಳಿಕೆಯಿಲ್ಲದ ಜೀವಿಗಳು ಹೆಚ್ಚಾಗಿರುವ ಪ್ರದೇಶಗಳೂ ಒಂದೇ ಆಗಿಲ್ಲವೆಂದು ಅದು ತೋರಿಸಿತು. ಅದಾಗಲೇ ಅಳಿವಿನ ಕೆಂಪು ಪಟ್ಟಿಯಲ್ಲಿದ್ದು, ಹವಾಮಾನದ ಹೊಡೆತಕ್ಕೂ ಸುಲಭವಾಗಿ ತುತ್ತಾಗಬಲ್ಲ ಉಭಯಚರಗಳೇ 670ರಿಂದ 933 ಇದ್ದುವು.

“ಅಂಕ ಹಾಕಿದ ಮೇಲೆ ಏನು ಮಾಡುತ್ತೀರಿ?” ಎಂದು ಮೊಮ್ಮಗಳನ್ನು ಕೇಳಿದೆ. “ನಮ್ಮಲ್ಲಿ ಅಪಾಯ ಹೆಚ್ಚಿದ್ದವರ ಅರ್ಜಿ ವಿಷಾದಪತ್ರದೊಡನೆ ಹಿಂದಿರುಗುತ್ತಿತ್ತು.”

“ನಮ್ಮಲ್ಲಿ ಅಂಥದೇ ಕಟ್ಟಿನ ಮೇಲಕ್ಕೆ ಬರಬೇಕು ತಾತ,” ಎಂದಳು.

ಈ ಮಾತು ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. ಮೇಲಕ್ಕೆ ಬರಬೇಕು, ಸರಿ. ಆದರೆ ಸಕಾಲದಲ್ಲಿ ಬರಬೇಕಷ್ಟೆ? ಆಸ್ಟ್ರೇಲಿಯ ಮತ್ತು ಪಾಪುವಾ ನ್ಯೂಗಿನಿಗಳ ನಡುವಣ ಟಾರೆಸ್ ಜಲಸಂಧಿಯಲ್ಲಿ ಬ್ರಾಂಬಲ್ ಕೇ ಎಂಬ ಮರಳುದಿಬ್ಬವಿದೆ. ವಿಸ್ತಾರ ನಾಲ್ಕೈದು ಹೆಕ್ಟೇರು. ಎತ್ತರ ಸಮುದ್ರಮಟ್ಟದಿಂದ ಸುಮಾರು 3 ಮೀಟರು. ಮೆಲೊಮಿಸ್ ಎಂಬ ಇಲಿಯ ಒಂದು ಪ್ರಭೇದಕ್ಕೆ ಲೋಕದಲ್ಲಿ ತಿಳಿದಿದ್ದ ಮನೆ ಅದೊಂದೇ. ಅದನ್ನು ಉಳಿಸಲೆಂದು 2008ರಲ್ಲಿ ಯೋಜನೆಯೊಂದು ಸಿದ್ಧವಾಯಿತು. ಯೋಜನೆಯ ಅವಧಿಯಲ್ಲಿ ಹವಾಮಾನ ಬದಲಾವಣೆಯಿಂದ ಈ ಇಲಿಯ ಉಳಿವಿಗೆ ದೊಡ್ಡ ಪೆಟ್ಟು ಬೀಳುವ ಸಂಭವವಿಲ್ಲವೆಂದು ಅದರಲ್ಲಿ ಬರೆದಿದ್ದರು. ಉಪ್ಪುನೀರು ಮತ್ತೆ ಮತ್ತೆ ದಿಬ್ಬದ ಮೇಲೆ ನುಗ್ಗಿತು. 2004ರಲ್ಲಿ ಎರಡು ಹೆಕ್ಟೇರಿಗೂ ಮಿಕ್ಕಿದ್ದ ಹಸಿರು 2014ರ ಮಾರ್ಚಿನ ಹೊತ್ತಿಗೆ ಹೆಕ್ಟೇರಿನ ಹತ್ತನೆಯ ಒಂದು ಪಾಲಿಗೂ ಇಳಿಯಿತು. ಆ ಇಲಿಯನ್ನು ಕಡೆಯ ಸಾರಿ ಕಂಡದ್ದು 2009ರಲ್ಲಿ. 2014ರಲ್ಲಿ ಬೋನುಗಳನ್ನೊಡ್ಡಿ ಹುಡುಕಿದರೂ ಒಂದೂ ಸಿಗಲಿಲ್ಲ. 2019ರಲ್ಲಿ ಆಸ್ಟ್ರೇಲಿಯ ಸರ್ಕಾರವೇ ಅದು ಅಳಿದುಹೋಯಿತೆಂದು ಸಾರಿತು. ಮನುಷ್ಯನಿಂದ ಬದಲಾದ ಹವಾಮಾನಕ್ಕೆ ಬಲಿಯಾದ ಮೊದಲ ಸಸ್ತನಿಯೆಂದು ಇಂದು ಅದರ ಹೆಸರು ಹೇಳುತ್ತಾರೆ.

ವೈದ್ಯರ ವರದಿ ಹಳತಾದರೆ ಹೊಸದನ್ನು ತರಿಸದೆ ಅರ್ಜಿಯನ್ನು ಮುಟ್ಟಬಾರದೆಂಬುದು ನಮ್ಮ ಕಚೇರಿಯ ನಿಯಮವಾಗಿತ್ತು. ಕಾಡಿನ ಜೀವಿಗಳ ವಿಷಯದಲ್ಲಿ ಈ ನಿಯಮ ಇನ್ನೂ ಬಿಗಿಯಾಗಿರಬೇಕು. ಒಮ್ಮೆ ಅಂಕ ಹಾಕಿ ಕಡತ ಕಟ್ಟಿಟ್ಟರೆ, ಮತ್ತೆ ಬಿಚ್ಚುವ ಹೊತ್ತಿಗೆ ಅರ್ಜಿದಾರನೇ ಇರಲಾರ.

ಇನ್ನೊಂದು ವ್ಯತ್ಯಾಸವನ್ನೂ ಹೇಳದೆ ಮುಗಿಸಲಾರೆ. ವಿಮೆಯ ಅರ್ಜಿಯಲ್ಲಿ ಉತ್ತರಗಳೆಲ್ಲ ಅರ್ಜಿದಾರನವೇ. ಅವನ ತಂದೆಯ ಸಕ್ಕರೆ ಕಾಯಿಲೆಯನ್ನು ನಾನು ತಿದ್ದಲಾರೆ. ಕಪ್ಪೆಯ ಅರ್ಜಿ ಹಾಗಲ್ಲ. ಅದರ ತೊಗಲು ತೆಳುವೆಂಬುದು ಅದರ ಹಣೆಬರಹವಿರಬಹುದು. ತೊರೆಯ ದಡದ ಮರಗಳು ಉಳಿದು ನೀರಿನ ಮೇಲೆ ನೆರಳಿದೆಯೆ, ಒಂದು ಕಾಡಿನಿಂದ ಇನ್ನೊಂದಕ್ಕೆ ಹಸಿರಿನ ದಾರಿ ತೆರೆದಿದೆಯೆ, ಆಮೆಯ ಗೂಡಿನ ಮೇಲೆ ಒಂದು ಚಪ್ಪರವಿದೆಯೆ ಎಂಬ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾದವರು ನಾವು. ಬಿಸಿ ಎಷ್ಟು ಏರುವುದೆಂಬ ಮೊದಲನೆಯ ಪ್ರಶ್ನೆಯ ಉತ್ತರವೂ ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ. ರುಜು ಮಾಡಬೇಕಾದ ಜಾಗದಲ್ಲಿ ಕಪ್ಪೆಯ ಹೆಸರಿದೆ. ಲೇಖನಿ ಮಾತ್ರ ನಮ್ಮ ಬಳಿ ಉಳಿದಿದೆ.