ಮನೆ ನೋಡಲು ಆಷಾಢವೇ ಲೇಸು

ಆಷಾಢದಲ್ಲಿ ಗೃಹಪ್ರವೇಶ ಮಾಡುವವರು ಕಡಿಮೆ. ಆದರೆ ಧಾರವಾಡದಲ್ಲಿ ಮನೆ ಕೊಳ್ಳುವವರಿಗೆ ಮನೆ ನೋಡಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಜಿಟಿಜಿಟಿ ಮಳೆ ಹಿಡಿದಾಗ ಬೇಂದ್ರೆಯವರು ಬಾಳಿದ ಸಾಧನಕೇರಿಯಿಂದ ಕೆಲಗೇರಿಯವರೆಗೆ ಓಣಿ ಓಣಿ ಸುತ್ತಿ ಬನ್ನಿ.

ಇದು ಮಲೆನಾಡು, ಬಯಲುಸೀಮೆ ಕೂಡುವ ಊರು. ಅಳ್ನಾವರದ ಕಡೆ ಕೆಂಪು ಮಣ್ಣು, ನವಲಗುಂದದ ಕಡೆ ಎರೆಮಣ್ಣು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ; ಬುನಾದಿ ಗಟ್ಟಿಯಿಲ್ಲದಿದ್ದರೆ ಗೋಡೆಯೂ ಬಿರಿಯುತ್ತದೆ. ಬಣ್ಣ ಬಳಿದು ಮುಚ್ಚಿದ ಬಿರುಕು, ಸೋರುವ ತಾರಸಿ, ಅಂಗಳದಲ್ಲಿ ನಿಲ್ಲುವ ನೀರು ಎಲ್ಲವನ್ನೂ ಮಳೆ ತೋರಿಸಿಕೊಡುತ್ತದೆ. ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಎಂದು ನೆರೆಯವರನ್ನೇ ಕೇಳಿ.

ಮನೆ ಒಪ್ಪಿಗೆಯಾದರೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಖಾತೆ, ತೆರಿಗೆ ರಸೀದಿಗಳನ್ನು ಪರಿಶೀಲಿಸಿ. ಸಾಮಾನು ಸಾಗಿಸುವುದು ಮಾತ್ರ ಪರೀಕ್ಷೆ ಮುಗಿದ ಮೇಲೆ, ಬೇಸಿಗೆ ರಜೆಯಲ್ಲಿ ಆಗಲಿ. ಶಾಲೆಯ ವರ್ಗಾವಣೆ ಪತ್ರ ಮೊದಲೇ ಪಡೆಯಿರಿ. ಅದೂ ಅಂಕಪಟ್ಟಿಗಳೂ ಲಾರಿಯ ಪೆಟ್ಟಿಗೆಯಲ್ಲಿ ಸೇರದೆ ನಿಮ್ಮ ಕೈಚೀಲದಲ್ಲೇ ಇರಲಿ. ಶಾಲೆ ತೆರೆಯುವ ಮುನ್ನ ಮಕ್ಕಳೊಡನೆ ಹೊಸ ದಾರಿಯನ್ನು ಒಮ್ಮೆ ನಡೆದು ನೋಡಿ.

ಬಿರಿದ ಗೋಡೆಗೆ ಗಾರೆ ಮೆತ್ತಬಹುದು. ವರ್ಷದ ನಡುವೆ ಕಡಿದುಹೋದ ಓದನ್ನು ಮತ್ತೆ ಹೊಂದಿಸುವುದು ಅಷ್ಟು ಸುಲಭವಲ್ಲ.