ಇಳಿಜಾರು ಹತ್ತುವ ದಿಮ್ಮಿ

ಪಿಯುಸಿ ಮೊದಲ ವರ್ಷದಲ್ಲಿ ಚಲನೆಯ ನಿಯಮಗಳ ಅಧ್ಯಾಯ ಶುರುವಾಗುತ್ತಿದ್ದಂತೆಯೇ ಎಷ್ಟೋ ಮಕ್ಕಳು ಭೌತಶಾಸ್ತ್ರ ತಮ್ಮ ತಲೆಗೆ ಹತ್ತುವುದಿಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಇರುವ ನಿಯಮ ಮೂರೇ. ಬೇಕಾಗುವ ಗಣಿತ ಹೆಚ್ಚಿನ ಕಡೆ ಹತ್ತನೇ ತರಗತಿಯ ತ್ರಿಕೋನಮಿತಿಯನ್ನು ದಾಟುವುದಿಲ್ಲ. ಆದರೂ ಲೆಕ್ಕವೊಂದನ್ನು ಎದುರಿಗಿಟ್ಟರೆ ಎಲ್ಲಿಂದ ಶುರುಮಾಡಬೇಕೆಂದು ತೋಚುವುದಿಲ್ಲ. ಮನೆಯವರು ಓದು ಸಾಲದು ಎನ್ನುತ್ತಾರೆ, ಟ್ಯೂಷನ್ನಿನವರು ಇನ್ನೂ ನೂರು ಲೆಕ್ಕ ಕೊಡುತ್ತಾರೆ, ಓದುವ ಹುಡುಗಿ ತನಗೆ ಬುದ್ಧಿಯೇ ಕಡಿಮೆಯೆಂದು ಒಳಗೊಳಗೇ ಕೊರಗುತ್ತಾಳೆ. ಈ ಮೂವರೂ ಕಾರಣವನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ ಎಂಬುದು ನನ್ನ ನಂಬಿಕೆ. ವಸ್ತುಗಳು ಹೇಗೆ ಚಲಿಸುತ್ತವೆ ಎಂಬುದರ ಬಗ್ಗೆ ಆ ಹುಡುಗಿಯ ತಲೆಯಲ್ಲಿ ಮೊದಲೇ ಒಂದು ಶಾಸ್ತ್ರ ಬಲವಾಗಿ ಬೇರೂರಿದೆ. ಲೆಕ್ಕ ಮಾಡುವುದೆಂದರೆ ಮೊದಲು ಅದರೊಂದಿಗೆ ವಾದಕ್ಕಿಳಿಯುವುದು.

ಒಂದು ಲೆಕ್ಕವನ್ನೇ ಹತ್ತಿರದಿಂದ ನೋಡೋಣ. 30 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ 2 ಕಿಲೋಗ್ರಾಂ ದ್ರವ್ಯರಾಶಿಯ ದಿಮ್ಮಿಯೊಂದು ಅಲುಗದೆ ಕೂತಿದೆ. ಸ್ಥಿರ ಘರ್ಷಣೆಯ ಗುಣಾಂಕ 0.7. ಈಗ ಘರ್ಷಣೆಯ ಬಲ ಎಷ್ಟು? ಸೂತ್ರ ನಾಲಿಗೆಯ ತುದಿಯಲ್ಲೇ ಇದೆ: ಗುಣಾಂಕವನ್ನು ಅಭಿಲಂಬ ಬಲದಿಂದ ಗುಣಿಸಬೇಕು. ಗುರುತ್ವದ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ಅಭಿಲಂಬ ಬಲ 17.3 ನ್ಯೂಟನ್, ಘರ್ಷಣೆ 12.1 ನ್ಯೂಟನ್. ಉತ್ತರದ ಕೆಳಗೆ ಎರಡು ಗೆರೆ ಎಳೆದು ವಿದ್ಯಾರ್ಥಿ ಮುಂದಿನ ಲೆಕ್ಕಕ್ಕೆ ಹೋಗುತ್ತಾನೆ. ಆದರೆ ದಿಮ್ಮಿಯನ್ನು ಕೆಳಕ್ಕೆ ಜಾರಿಸಲು ಹವಣಿಸುತ್ತಿರುವ ಗುರುತ್ವದ ಪಾಲು ಬರೀ 10 ನ್ಯೂಟನ್. ಮೇಲಕ್ಕೆ 12.1, ಕೆಳಕ್ಕೆ 10. ಮಿಕ್ಕ 2.1 ನ್ಯೂಟನ್ ಬಲ, ಯಾರೂ ಮುಟ್ಟದ ಆ ದಿಮ್ಮಿಯನ್ನು ಇಳಿಜಾರಿನ ಮೇಲಕ್ಕೆ ಓಡಿಸಬೇಕಾಗುತ್ತದೆ. ಗುಣಾಕಾರದಲ್ಲಿ ತಪ್ಪಿಲ್ಲ, ಸೂತ್ರವೂ ಸರಿ. ಆದರೆ ಆ ಸೂತ್ರ ಹೇಳುವುದು ಘರ್ಷಣೆ ಹೆಚ್ಚೆಂದರೆ ಎಷ್ಟರವರೆಗೆ ಏರಬಲ್ಲದು ಎಂಬುದನ್ನು. ಇಲ್ಲಿ ಅದು ಬೇಕಾದಷ್ಟೇ, ಅಂದರೆ 10 ನ್ಯೂಟನ್ ಮಾತ್ರ ಇರುತ್ತದೆ. ಹಲಗೆಯಂಥ ಜಡವಸ್ತು ಸಂದರ್ಭ ನೋಡಿಕೊಂಡು ತನ್ನ ಬಲವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತದೆಂದರೆ ಮನಸ್ಸು ಸುಲಭಕ್ಕೆ ಒಪ್ಪುವುದಿಲ್ಲ. ಬಲ ಹಾಕುವುದು ಕೈ, ಎತ್ತು, ಎಂಜಿನ್ನು. ಹಲಗೆ ಸುಮ್ಮನೆ ಅಡ್ಡ ಇರುತ್ತದೆ, ಅಷ್ಟೇ. ಬಾಲ್ಯದಿಂದ ಕಣ್ಣು ಕಲಿಸಿದ ಪಾಠ ಅದು.

ಇಂಥದೇ ಇನ್ನೊಂದು ಪಾಠ ನಾಣ್ಯ ಚಿಮ್ಮಿದಾಗ ಬಯಲಿಗೆ ಬರುತ್ತದೆ. ಕೈಬಿಟ್ಟು ಮೇಲೇರುತ್ತಿರುವ ನಾಣ್ಯದ ಮೇಲೆ ಯಾವ ಬಲಗಳಿವೆ ಎಂದು ಅಮೆರಿಕದ ಜಾನ್ ಕ್ಲೆಮೆಂಟ್ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿ, ಉತ್ತರಗಳನ್ನು 1982ರಲ್ಲಿ ಪ್ರಕಟಿಸಿದರು. ಬಹುಪಾಲು ಮಂದಿ ಮೇಲ್ಮುಖವಾದ ಬಾಣವೊಂದನ್ನು ಎಳೆದಿದ್ದರು, ಕೈ ಕೊಟ್ಟ ಬಲ ಇನ್ನೂ ನಾಣ್ಯದೊಳಗೆ ಉಳಿದಿದೆ ಎಂಬಂತೆ. ಗಾಳಿಯ ತಡೆಯನ್ನು ಬಿಟ್ಟರೆ ಅಲ್ಲಿರುವುದು ಕೆಳಮುಖವಾದ ಗುರುತ್ವವೊಂದೇ. ಈ ತಪ್ಪಿಗೆ ದೊಡ್ಡ ವಂಶಾವಳಿಯಿದೆ. ತಳ್ಳುವವನಿಲ್ಲದೆ ಚಲನೆಯಿಲ್ಲ ಎಂದ ಅರಿಸ್ಟಾಟಲ್‌ನನ್ನು ಆರನೇ ಶತಮಾನದ ಫಿಲೋಪೊನಸ್ ಪ್ರಶ್ನಿಸಿ, ಎಸೆದವನು ವಸ್ತುವಿನೊಳಗೆ ಒಂದು ಶಕ್ತಿಯನ್ನು ತುಂಬಿ ಕಳಿಸುತ್ತಾನೆ ಎಂದ. ಹದಿನಾಲ್ಕನೇ ಶತಮಾನದ ಪ್ಯಾರಿಸ್ಸಿನಲ್ಲಿ ಬುರಿಡಾನ್ ಅದನ್ನೇ ಸಿದ್ಧಾಂತವಾಗಿ ಬೆಳೆಸಿದ. ಅಲ್ಲಿಂದ ಗೆಲಿಲಿಯೊನ 1638ರ ಗ್ರಂಥವನ್ನು ದಾಟಿ ನ್ಯೂಟನ್ನನ 1687ರ ‘ಪ್ರಿನ್ಸಿಪಿಯಾ’ ಮುಟ್ಟಲು ಮತ್ತೆ ಮುನ್ನೂರು ವರ್ಷಗಳೇ ಹಿಡಿದವು. ಹದಿನಾರರ ಹುಡುಗನೊಬ್ಬ ನಾಣ್ಯಕ್ಕೆ ಮೇಲ್ಮುಖ ಬಾಣ ಎಳೆದಾಗ ಅವನನ್ನು ದಡ್ಡನೆನ್ನುವವರು ಬುರಿಡಾನನನ್ನೂ ಹಾಗೆ ಕರೆಯಬೇಕಾಗುತ್ತದೆ. ಅಷ್ಟು ಕಾಲ ಘನವಿದ್ವಾಂಸರನ್ನು ಕಟ್ಟಿಹಾಕಿದ ಭಾವನೆಯನ್ನು ಮೂರು ವಾರದ ಪಾಠದಲ್ಲಿ ಬಿಡು ಎಂದರೆ ಅದು ಬಿಡುವುದಿಲ್ಲ. ಬಿಟ್ಟಂತೆ ನಟಿಸುತ್ತದೆ.

ಆ ನಟನೆ ಎಷ್ಟು ಚೆನ್ನಾಗಿ ಸಾಗುತ್ತದೆ ಎಂಬುದಕ್ಕೂ ಸಾಕ್ಷ್ಯವಿದೆ. ಹೆಸ್ಟೆನೀಸ್ ಮತ್ತು ಸಂಗಡಿಗರು 1992ರಲ್ಲಿ ಬಲದ ಪರಿಕಲ್ಪನೆಯನ್ನಷ್ಟೇ ಪರೀಕ್ಷಿಸುವ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಲೆಕ್ಕಾಚಾರವಿಲ್ಲದ, ಸಾದಾ ಮಾತಿನ ಪ್ರಶ್ನೆಗಳು. ಹಾರ್ವರ್ಡಿನ ಎರಿಕ್ ಮಜೂರ್ ಈ ಬಗೆಯ ಪ್ರಶ್ನೆಗಳನ್ನು ತಮ್ಮ ತರಗತಿಗೆ ಕೊಟ್ಟಾಗ ವಿದ್ಯಾರ್ಥಿಯೊಬ್ಬರು, ಇವಕ್ಕೆ ನೀವು ಕಲಿಸಿದಂತೆ ಉತ್ತರಿಸಬೇಕೋ ನಾನು ನಿಜವಾಗಿ ಯೋಚಿಸುವಂತೆ ಉತ್ತರಿಸಬೇಕೋ ಎಂದು ಕೇಳಿದ್ದನ್ನು ಅವರು ದಾಖಲಿಸಿದ್ದಾರೆ. ನನಗೆ ಇದು ಆ ವಿಷಯದಲ್ಲಿ ವಿದ್ಯಾರ್ಥಿಯೊಬ್ಬರು ಆಡಬಹುದಾದ ಅತ್ಯಂತ ಪ್ರಾಮಾಣಿಕ ಮಾತು ಎನ್ನಿಸುತ್ತದೆ. ಎರಡು ಶಾಸ್ತ್ರಗಳು ಒಂದೇ ತಲೆಯಲ್ಲಿ ಪರಸ್ಪರ ಭೇಟಿಯಾಗದೆ ಬಾಳುತ್ತಿವೆ. ಹೆಚ್ಚು ಲೆಕ್ಕ ಮಾಡಿಸಿದರೆ ಭೇಟಿ ಆಗುತ್ತದೆಯೇ? ದಕ್ಷಿಣ ಕೊರಿಯಾದ ಕಿಮ್ ಮತ್ತು ಪಾಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರಕ್ಕೂ ಮೀರಿ ಲೆಕ್ಕ ಬಿಡಿಸಿ ಬಂದ ವಿದ್ಯಾರ್ಥಿಗಳಲ್ಲೂ ಮೂಲ ಗೊಂದಲಗಳು ಹಾಗೇ ಉಳಿದಿದ್ದವು. ಬಿಡಿಸಿದ ಲೆಕ್ಕಗಳ ಸಂಖ್ಯೆಗೂ ಅರ್ಥವಾದದ್ದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ.

ಹಾಗಾದರೆ ಅಭ್ಯಾಸವೇ ಬೇಡವೇ, ಸಂಗೀತಗಾರರು ವರಸೆಗಳನ್ನು ಸಾವಿರ ಸಲ ಹಾಡುವುದಿಲ್ಲವೇ ಎಂದು ಕೇಳಬಹುದು. ಅಭ್ಯಾಸ ಬೇಕೇ ಬೇಕು. ಪ್ರಶ್ನೆ ಇರುವುದು ಯಾವುದನ್ನು ಅಭ್ಯಾಸ ಮಾಡಬೇಕೆಂಬುದರಲ್ಲಿ. ಮಿಚೆಲಿನ್ ಚಿ ಮತ್ತು ಸಹೋದ್ಯೋಗಿಗಳು 1981ರಲ್ಲಿ ತೋರಿಸಿದ್ದು ಇದನ್ನೇ: ಲೆಕ್ಕಗಳನ್ನು ಗುಂಪುಗೂಡಿಸಿ ಎಂದರೆ ಹೊಸಬರು ಇಳಿಜಾರಿನವು ಒಂದು ಕಡೆ, ರಾಟೆಯವು ಒಂದು ಕಡೆ ಎಂದು ಇಡುತ್ತಾರೆ, ಪಳಗಿದವರು ಶಕ್ತಿಯ ಸಂರಕ್ಷಣೆಯಿಂದ ಬಿಡಿಸಬಹುದಾದವು, ಎರಡನೇ ನಿಯಮದಿಂದ ಬಿಡಿಸಬಹುದಾದವು ಎಂದು ಇಡುತ್ತಾರೆ. ಮಾದರಿ ಲೆಕ್ಕ ನೋಡಿ ಅದೇ ಅಚ್ಚಿನ ಹತ್ತು ಲೆಕ್ಕ ಮಾಡಿದವನಿಗೆ ಪಳಗುವುದು ಇಳಿಜಾರಿನ ಚಿತ್ರ. ಬಲದ ನಕ್ಷೆ ಬರೆಯುವಾಗ ಪ್ರತಿ ಬಾಣದ ಪಕ್ಕದಲ್ಲೂ ಇದನ್ನು ಹಾಕುತ್ತಿರುವವರು ಯಾರು ಎಂದು ಬರೆಯುವವನಿಗೆ ಬೇರೇನೋ ಪಳಗುತ್ತದೆ. ಮೇಲೇರುವ ನಾಣ್ಯದ ಬಾಣಕ್ಕೆ ಒಡೆಯನನ್ನು ಹುಡುಕಿದರೆ ಸಿಗುವುದಿಲ್ಲ, ಕೈ ಆಗಲೇ ದೂರವಾಗಿದೆ; ಬಾಣವನ್ನು ಅಳಿಸಲೇಬೇಕು. ದಿಮ್ಮಿಯ ತೂಕ, ಅಭಿಲಂಬ ಬಲ ಇವೆರಡೂ ಕ್ರಿಯೆ ಪ್ರತಿಕ್ರಿಯೆಗಳ ಜೋಡಿ ಎಂಬ ಹಳೆಯ ತಪ್ಪೂ ಹೀಗೇ ಸಡಿಲವಾಗುತ್ತದೆ. ಒಂದರ ಒಡೆಯ ಭೂಮಿ, ಇನ್ನೊಂದರದ್ದು ಹಲಗೆ. ಎರಡೂ ಬೀಳುವುದು ದಿಮ್ಮಿಯ ಮೇಲೆಯೇ. ಇಳಿಜಾರಿನಲ್ಲಂತೂ 20ಕ್ಕೆ 17.3 ಸಮವೂ ಅಲ್ಲ. ತೂಕದ ನಿಜವಾದ ಜೋಡಿ ದಿಮ್ಮಿ ಭೂಮಿಯನ್ನು ಎಳೆಯುವ ಬಲ.

ಇದಕ್ಕೆಲ್ಲ ಪುರುಸೊತ್ತೆಲ್ಲಿದೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾರೆ. ಸಿಇಟಿಯಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗೆ 80 ನಿಮಿಷ. ಅಂಥ ಕಡೆ ನಕ್ಷೆ ಬರೆದು ಒಡೆಯರನ್ನು ಹುಡುಕುತ್ತ ಕೂರುವವರು ಹಿಂದೆ ಬೀಳುತ್ತಾರೆ. ಆದರೆ ವೇಗ ಬೇಕಾದದ್ದು ಆ 80 ನಿಮಿಷದಲ್ಲಿ. ಕಲಿಯುವ ಎರಡು ವರ್ಷಗಳನ್ನೂ ಅದೇ ಗಡಿಬಿಡಿಯಲ್ಲಿ ಕಳೆಯಬೇಕೆಂದು ಯಾವ ಪರೀಕ್ಷೆಯೂ ವಿಧಿಸಿಲ್ಲ. ಇನ್ನು ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷೇ ತೊಡಕು ಎನ್ನುವ ಮಾತಿದೆ. ಆ ಹೊರೆ ನಿಜ, ಅದನ್ನು ಹೊರುತ್ತಿರುವ ಮಕ್ಕಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹಾರ್ವರ್ಡಿನಲ್ಲಿ ಇಂಗ್ಲಿಷಿನಲ್ಲೇ ಕಲಿತವರನ್ನೂ ಕಾಡಿದ ಗೊಂದಲಕ್ಕೆ ಭಾಷೆಯೊಂದೇ ಕಾರಣವಾಗಲಾರದು. ಬಾಣ ಬಾಣಕ್ಕೂ ಕೇಳಬೇಕಾದ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿಕೊಂಡು, ಉತ್ತರಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆಯಲು ಏನೂ ಅಡ್ಡಿಯಿಲ್ಲ. ಮೇಷ್ಟ್ರು ಮಾಡಬಹುದಾದ ಕೆಲಸವೊಂದು ಬಾಕಿಯಿದೆ. ಕಾಲೇಜಿನ ಕಿರುಪರೀಕ್ಷೆಗಳಲ್ಲಾದರೂ ಸಂಖ್ಯೆಗಳೇ ಇಲ್ಲದ ಒಂದು ಪ್ರಶ್ನೆ ಕೊಟ್ಟು, ನಕ್ಷೆಗೂ ಅದರ ಸಮರ್ಥನೆಗೂ ಪೂರ್ತಿ ಅಂಕ ಇಡುವುದು. ದಿಮ್ಮಿ ಇಳಿಜಾರು ಹತ್ತುತ್ತದೆಂದು ಉತ್ತರ ಬಂದರೆ ಅದಕ್ಕೆ ತಪ್ಪು ಗುರುತು ಹಾಕಿ ಮುಗಿಸದೆ, ಬರೆದವರಿಂದಲೇ ಆ ದಿಮ್ಮಿಯನ್ನು ಮೇಲಕ್ಕೆ ತಳ್ಳುತ್ತಿರುವವರು ಯಾರೆಂದು ಹೇಳಿಸುವುದು.