ಊರಾಚೆ ಕಲ್ಲಿಗೂ ಒಂದು ಕತೆ ಐತೆ

ನಿಮ್ ಕಡೆ ನೋಡೋಕೆ ಏನೈತೆ ಅಂತ ಹೊರಗಿನವರು ಕೇಳಿದ್ರೆ ನಾವೆಲ್ಲ ಹೇಳೋದು ಒಂದೇ ಮಾತು, ನಂದಿಬೆಟ್ಟ. ಬೆಂಗಳೂರಿನ ಹುಡುಗರು ಭಾನುವಾರ ಕತ್ತಲಲ್ಲೇ ಬೈಕಲ್ಲಿ ಬಂದು, ಮಂಜು ನೋಡಿ, ಸುಟ್ಟ ಜೋಳ ತಿಂದು ವಾಪಸ್ ಹೋಗ್ತಾರೆ. ಬೆಟ್ಟದ ಕೆಳಗೆ ನಂದಿ ಊರಲ್ಲಿ ಭೋಗನಂದೀಶ್ವರನ ಗುಡಿ ಐತಲ್ಲ, ಅಲ್ಲಿಗೆ ಬರೋರು ಅವರಲ್ಲಿ ಕಮ್ಮಿ.

ನಾವು ಹೆಂಗಸರು ಹೋಗ್ತೀವಿ ಬಿಡಿ. ಹೊಸದಾಗಿ ಮದುವೆ ಆದವರನ್ನ ಕರ್ಕೊಂಡು, ಶಿವರಾತ್ರಿ ತೇರಿಗೆ, ಹರಕೆಗೆ. ಆದ್ರೆ ಗುಡಿ ಕಟ್ಟಿಸಿದ್ದು ಯಾರು ಅಂತ ಕೇಳಿದ್ರೆ ಸುಮ್ನೆ ಮುಖ ಮುಖ ನೋಡ್ಕೋತೀವಿ. ಸಾವಿರದ ಇನ್ನೂರು ವರ್ಷದ ಹಿಂದೆ ಬಾಣ ವಂಶದ ರಾಣಿ ರತ್ನಾವಳಿ ಅನ್ನೋಳು ಇಲ್ಲಿ ಶಿವಾಲಯ ಕಟ್ಟಿಸಿದಳು ಅಂತ ಶಾಸನ ಹೇಳ್ತದೆ ಕಣ್ರಮ್ಮ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಒಂದಷ್ಟು ಸೇರಿಸಿದರು. ಮುಂದಿನ ಸಲ ಹೋದಾಗ ಅರ್ಚನೆಗೆ ನಿಮ್ಮ ಮನೆಯವರ ಹೆಸರು ಹೇಳೋ ಹೊತ್ತಲ್ಲಿ ರತ್ನಾವಳಿ ಹೆಸರನ್ನೂ ಒಂದ್ಸಲ ನೆನೆಸ್ಕೊಳ್ಳಿ.

ಚಿಂತಾಮಣಿ ಕಡೆಯೋರಿಗೆ ಕೈವಾರದ ತಾತಯ್ಯನ ವಿಷಯ ನಾನು ಹೇಳಬೇಕಾಗಿಲ್ಲ. ನಮ್ಮ ಅಜ್ಜಿಯರು ಅವರ ಕಾಲಜ್ಞಾನ ಹೇಳಿ ಹೇಳಿಯೇ ನಮ್ಮನ್ನ ಹೆದರಿಸಿದ್ದು. 1726ರಲ್ಲಿ ಹುಟ್ಟಿ 1836ರವರೆಗೆ, ನೂರಾ ಹತ್ತು ವರ್ಷ ಇದ್ರು ಅಂತಾರೆ. ಬಳೆ ಮಲಾರ ಹೊತ್ಕೊಂಡು ಊರೂರು ತಿರುಗಿ ಹೆಣ್ಣುಮಕ್ಕಳಿಗೆ ಬಳೆ ತೊಡಿಸ್ತಿದ್ದವರು ಅವರು. ನಮ್ಮ ಸೀಮೆ ಮಾತಿನ ಹಾಗೇನೇ ತೆಲುಗಲ್ಲೂ ಕನ್ನಡದಲ್ಲೂ ಪದ ಕಟ್ಟಿದ್ರು. ದೊಡ್ಡ ಪಾಠಶಾಲೆಯಿಂದ ಬಂದ ಜ್ಞಾನ ಅಲ್ಲ ಅದು. ಜಗಲಿ ಮೇಲೆ ಕೂತು, ಮನೆಮನೆ ಕಷ್ಟ ಕೇಳಿದವರ ಜ್ಞಾನ.

ಗೌರಿಬಿದನೂರಿನ ವಿದುರಾಶ್ವತ್ಥಕ್ಕೆ ನಾಗಪ್ರತಿಷ್ಠೆ ಮಾಡ್ಸೋಕೆ ಯಾರು ಹೋಗಿಲ್ಲ ಹೇಳಿ? ವಿದುರ ನೆಟ್ಟಿದ್ದು ಅಂತಾರಲ್ಲ ಆ ಅಶ್ವತ್ಥಮರ, ಅದು 2001ರಲ್ಲಿ ಬಿದ್ದೋಯ್ತು. ಸುತ್ತ ನಾಗರಕಲ್ಲು ಮಾತ್ರ ಲೆಕ್ಕ ಇಲ್ಲದಷ್ಟು. ಮಕ್ಕಳಾಗಲಿ ಅಂತ ಕಲ್ಲು ನಿಲ್ಲಿಸಿದ ಆ ಜಾಗದ ಪಕ್ಕದಲ್ಲೇ ಮಕ್ಕಳನ್ನ ಕಳ್ಕೊಂಡ ತಾಯಂದಿರ ಕತೆಯೂ ಐತೆ. 1938ರ ಏಪ್ರಿಲ್ 25ನೇ ತಾರೀಖು, ಬಾವುಟ ಹಾರಿಸಬಾರದು ಅಂತ ಸರ್ಕಾರ ಹೇಳಿದ್ದಕ್ಕೆ ಬಗ್ಗದೆ ಜನ ಸೇರಿದ್ರು. ಪೊಲೀಸರು ಗುಂಡು ಹೊಡೆದ್ರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10 ಜನ, ಊರವರ ಲೆಕ್ಕದಲ್ಲಿ 30ಕ್ಕೂ ಮೇಲೆ. ವೀರಸೌಧ ಅಲ್ಲೇ ಐತೆ. ಪೂಜೆ ಮುಗಿಸಿ ಬಸ್ಸಿಗೆ ಓಡೋ ಮುಂಚೆ ಮಕ್ಕಳನ್ನ ಕರ್ಕೊಂಡು ಒಂದರ್ಧ ಗಂಟೆ ಒಳಗೆ ಹೋಗಿ ಬನ್ನಿ.

ಇವೆಲ್ಲ ದೊಡ್ಡ ಜಾಗ, ಬೋರ್ಡು ಐತೆ, ಬೇಲಿ ಐತೆ. ನನಗೆ ಯೋಚನೆ ಬೋರ್ಡು ಇಲ್ಲದೇ ಇರೋದರದ್ದು. ನಮ್ಮೂರ ಕೆರೆ ಏರಿ ಹತ್ರ ಒಂದು ಮಾಸ್ತಿಕಲ್ಲಿತ್ತು. ಕಂಬದಿಂದ ಹೊರಟ ಒಂದು ತೋಳು, ಮೊಣಕೈ ಮಡಿಸಿ ಮೇಲೆತ್ತಿದ ಕೈ, ಕೈ ತುಂಬ ಬಳೆ. ಗಂಡನ ಚಿತೆ ಹತ್ತಿದ ಹೆಂಗಸಿನ ಗುರುತು ಅದು. ಮಾಸ್ತಮ್ಮ ಅಂತ ನಾವು ಅರಿಶಿನ ಕುಂಕುಮ ಇಡ್ತಿದ್ವಿ. ಹೋದ ವರ್ಷ ರಸ್ತೆ ಅಗಲ ಮಾಡೋಕೆ ಬಂದವರು ಜೆಸಿಬಿಯಲ್ಲಿ ಎತ್ತಿ ಮೋರಿ ಪಕ್ಕ ಮುಖ ಕೆಳಗಾಗಿ ಕೆಡವಿ ಹೋದ್ರು. ಕೇಳಿದ್ರೆ, ಬರೀ ಕಲ್ಲು ತಾನೇ ಅಮ್ಮ ಅಂದ್ರು.

ಸಂಘದ ಹೆಂಗಸರೆಲ್ಲ ಸೇರಿ ಕೈಯಲ್ಲಿದ್ದಷ್ಟು ಹಾಕಿ, ನಾಕು ಜನ ಗಂಡಸರನ್ನ ಕರೆಸಿ, ಹಗ್ಗ ಕಟ್ಟಿಸಿ, ಅರಳೀಕಟ್ಟೆ ಪಕ್ಕ ಮತ್ತೆ ನಿಲ್ಲಿಸಿದ್ವಿ. ಬೆರಳ ತುದಿ ಮುರಿದು ಹೋಗಿತ್ತು, ಬಳೆ ಉಳಿದಿದ್ವು. ಎಣ್ಣೆ ಹಾಕಿ, ಬಣ್ಣ ಬಳಿಯೋಣ ಅಂತ ಒಬ್ಬಳು ಅಂದಾಗ ನಮ್ಮ ದೊಡ್ಡತ್ತೆ, ಎಂಬತ್ತು ದಾಟಿದೆ ಅವರಿಗೆ, ತಡೆದ್ರು. "ಬಣ್ಣ ಬ್ಯಾಡ, ಕೆತ್ತಿದ್ದು ಮುಚ್ಚೋಗ್ತದೆ. ಹೂವ ಇಡ್ರಿ ಸಾಕು. ಹೆಣ್ಣು ಉರಿದೋದಳು ಅಂತ ಮಕ್ಕಳಿಗೆ ಹೇಳ್ರಿ, ಬರೀ ದೇವ್ರು ಅಂತ ಕೈ ಮುಗಿಸಿ ಬಿಡಬ್ಯಾಡ್ರಿ," ಅಂದ್ರು. ಅಲ್ಲಿದ್ದ ಯಾರಿಗೂ ಮಾತು ಬರಲಿಲ್ಲ.

ರೈಸ್ ಅನ್ನೋ ದೊರೆ ಊರೂರಿನ ಶಾಸನ ಬರೆಸಿ 1905ರಲ್ಲಿ ಕೋಲಾರ ಜಿಲ್ಲೆದೇ ಒಂದು ಪುಸ್ತಕ ತಂದಿದ್ದರಂತೆ. ಆಗ ನಮ್ಮೂರುಗಳೆಲ್ಲ ಕೋಲಾರಕ್ಕೇ ಸೇರಿದ್ವು, ನಮ್ಮದೇ ಜಿಲ್ಲೆ ಆಗಿದ್ದು 2007ರಲ್ಲಿ. ಅಕ್ಷರ ಇರೋ ಕಲ್ಲು ಹಂಗೆ ಪುಸ್ತಕಕ್ಕಾದ್ರೂ ಹತ್ತಿದವು. ಅಕ್ಷರ ಇಲ್ಲದ ಮಾಸ್ತಿಕಲ್ಲು, ದನ ಕಾಯೋಕೆ ಹೋಗಿ ಸತ್ತವರ ವೀರಗಲ್ಲು, ಇವು ಉಳಿಯೋದು ನಮ್ಮ ಬಾಯಲ್ಲಿ ಮಾತ್ರ.

ಶಿಡ್ಲಘಟ್ಟದ ಅಕ್ಕಂದಿರೇ, ಗೂಡು ಬಿಡಿಸೋ ಹೊತ್ತಲ್ಲಿ ಕೈ ಕೆಲಸ ಮಾಡ್ತಿರ್ತದೆ, ಬಾಯಿ ಖಾಲಿನೇ ಇರ್ತದೆ. ನಿಮ್ಮತ್ತೆನ ಕೇಳಿ, ಊರಾಚೆ ಇರೋ ಕಲ್ಲು ಯಾರದು ಅಂತ. ಅವರು ಹೇಳಿದ್ದನ್ನ ಮಗಳ ನೋಟ್ ಬುಕ್ಕಲ್ಲಿ ಬರೆಸಿಡಿ. ಜೆಸಿಬಿ ಯಾವತ್ತು ಬರ್ತದೋ ಗೊತ್ತಿಲ್ಲ.